ಬೇಸಾಯಗಾರನ ಮನೋವ್ಯಾಕುಲವೂ ದೇಹಾರೋಗ್ಯವೂ

ಎತ್ತು ಮೇವು ಬಿಟ್ಟರೆ ಒಡೆಯನು ಆ ದಿನವೇ ಅದರ ಬಾಯಿಯನ್ನೂ ಗೊರಸನ್ನೂ ಪರೀಕ್ಷಿಸುವನು. ಪೈರು ಹಳದಿಗೆ ತಿರುಗಿದರೆ ಬೇರನ್ನು ಕಿತ್ತು ನೋಡುವನು. ಆದರೆ ತಾನೇ ಹದಿನೈದು ದಿನಗಳಿಂದ ಊಟ ನಿದ್ರೆಗಳಿಲ್ಲದೆ ಬಳಲುತ್ತಿದ್ದರೂ ಸುಮ್ಮನಿರುವನು. ಬೇಸಾಯಕ್ಕೆ ಮುಖ್ಯ ಸಾಧನವು ಬೇಸಾಯಗಾರನ ದೇಹವೇ ಆದುದರಿಂದ ಈ ಔದಾಸೀನ್ಯವು ತರವಲ್ಲ. ಗ್ರಾಮದ ಯಜಮಾನರೂ ಜಮೀನುದಾರರೂ ಈ ವಿಷಯವನ್ನು ತಾವು ತಿಳಿದು ಇತರರಿಗೂ ತಿಳಿಸತಕ್ಕದ್ದಾಗಿದೆ.

ದೇಹದಲ್ಲಾಗುವ ಮಾರ್ಪಾಡು

ಹೊಲದಲ್ಲಿ ಹಾವು ಎದುರಾದೊಡನೆ ಎದೆಯು ಡವಗುಟ್ಟುವುದು ಎಲ್ಲರ ಅನುಭವದಲ್ಲಿರುವ ಸಂಗತಿಯೇ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರಿ, ಗುಂಡಿಗೆಯ ಬಡಿತವನ್ನು ಹೆಚ್ಚಿಸುವುದು, ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುವುದು, ಜೀರ್ಣಕ್ರಿಯೆಯು ಮಂದವಾಗುವುದು. ಎದುರಿಸುವುದಕ್ಕಾಗಲಿ ಓಡುವುದಕ್ಕಾಗಲಿ ದೇಹವು ಮಾಡಿಕೊಳ್ಳುವ ಸಿದ್ಧತೆ ಇದು. ಇದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಎಂಬವರು 1915ರ ತಮ್ಮ ಗ್ರಂಥದಲ್ಲಿ ವಿವರಿಸಿರುವರು.

ಹಾವು ಹರಿದು ಹೋದರೆ ದೇಹವೂ ಶಾಂತವಾಗುವುದು. ಸಾಲದ ಕಂತು, ಬಾರದ ಮಳೆ, ಸುಟ್ಟುಹೋದ ಕೊಳವೆಬಾವಿಯ ಮೋಟಾರು, ಇವು ಹಾಗೆ ಹರಿದು ಹೋಗತಕ್ಕವುಗಳಲ್ಲ. ಹೊತ್ತು ಮುಳುಗಿದ ಮೇಲೂ ನೊಗವಿಳಿಸದ ಎತ್ತಿನಂತೆ ದೇಹವು ಹಗಲಿರುಳೂ ಬಿಗಿಯಾಗಿಯೇ ಇರುವುದು. ಇದರಿಂದ ನಿದ್ರಾಭಂಗ, ತಲೆನೋವು, ಕತ್ತು ಬೆನ್ನುಗಳ ನೋವು, ಅಜೀರ್ಣ, ಮುಂಗೋಪ ಇವು ತಲೆದೋರುವುವು. ರಕ್ತದೊತ್ತಡವುಳ್ಳವರಿಗೂ ಸಕ್ಕರೆ ಕಾಯಿಲೆಯವರಿಗೂ ರೋಗವು ಹತೋಟಿಗೆ ಬರುವುದು ಕಷ್ಟವಾಗುವುದು. ಇದೇ ಲಕ್ಷಣಗಳು ಬೇರೆ ರೋಗಗಳಲ್ಲಿಯೂ ಕಾಣುವುದರಿಂದ ವೈದ್ಯರಿಗೆ ತೋರಿಸುವುದು ಅವಶ್ಯಕ.

ಮಾಡತಕ್ಕ ಕ್ರಮಗಳು

1. ಚಿಂತೆಯನ್ನು ಲೆಕ್ಕಕ್ಕೆ ತರುವುದು. "ಚಿಂತಿಸಬೇಡ" ಎಂದ ಮಾತ್ರಕ್ಕೆ ಚಿಂತೆಯು ಬಿಡದು. ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಒಂದು ಹಾಳೆಯಲ್ಲಿ ಇದ್ದ ಚಿಂತೆಗಳನ್ನೆಲ್ಲಾ ಬರೆದು, ಈ ವಾರ ಮಾಡಬಹುದಾದುದು, ಈ ಹಂಗಾಮಿನಲ್ಲಿ ಮಾಡಬಹುದಾದುದು, ತನ್ನ ಕೈಯಲ್ಲಿಲ್ಲದುದು ಎಂದು ಮೂರು ಭಾಗ ಮಾಡಬೇಕು. ಮಳೆಯು ಮೂರನೆಯದಕ್ಕೆ ಸೇರಿತು. ಬೆಳೆ ವಿಮೆಯು ಮೊದಲನೆಯದಕ್ಕೆ ಸೇರಿತು. 2016ರಲ್ಲಿ ಪ್ರಾರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ರೈತನು ಕೊಡತಕ್ಕ ಕಂತು ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ನೂರಕ್ಕೆ 2ನ್ನೂ ಹಿಂಗಾರಿಗೆ ಒಂದೂವರೆಯನ್ನೂ ಮೀರುವುದಿಲ್ಲ. ಆಲಿಕಲ್ಲು ಮಳೆಯಿಂದ ನಷ್ಟವಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಮಾಡಿದ ಕೆಲಸವೊಂದನ್ನು ಹಾಳೆಯಲ್ಲಿ ಹೊಡೆದುಹಾಕಿದಷ್ಟೂ ಎದೆಯ ಭಾರವು ಇಳಿಯುವುದು.

2. ನಿದ್ರೆ. ಪ್ರಾಯದವರಿಗೆ 7 ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕು. ಸಂಜೆಯ ಮೇಲೆ ಕಾಫಿ ಚಹಾಗಳನ್ನು ಬಿಡುವುದು ಲೇಸು. ಮದ್ಯವು ಬೇಗನೆ ಜೋಂಪು ತಂದರೂ ಸರಿರಾತ್ರಿಯ ಮೇಲೆ ನಿದ್ರೆಯನ್ನು ಕೆಡಿಸುವುದು. ಚಿಂತೆಯೂ ಮರುದಿನ ಹಾಗೆಯೇ ಇರುವುದು, ಹಣ ಮಾತ್ರ ಇರದು.

3. ಉಸಿರಾಟ. ನೆಟ್ಟಗೆ ಕುಳಿತು, ನಾಲ್ಕು ಎಣಿಸುವವರೆಗೆ ಉಸಿರನ್ನು ಒಳಕ್ಕೆಳೆದು ಆರು ಎಣಿಸುವವರೆಗೆ ಮೆಲ್ಲಗೆ ಬಿಡಬೇಕು. ಐದು ನಿಮಿಷ ಹೀಗೆ ಮಾಡಿದರೆ ಗುಂಡಿಗೆಯ ಬಡಿತವು ನಿಧಾನಕ್ಕೆ ಬರುವುದು. ಇದಕ್ಕೆ ಖರ್ಚಿಲ್ಲ.

4. ಜನರ ಒಡನಾಟ. ಕಷ್ಟದಲ್ಲಿರುವವನು ಸಂತೆಯನ್ನೂ ಹಬ್ಬವನ್ನೂ ಬಿಟ್ಟು ಒಬ್ಬಂಟಿಯಾಗಿರಲು ಬಯಸುವನು. ಇದರಿಂದ ವ್ಯಾಕುಲವು ಹೆಚ್ಚುವುದೇ ಹೊರತು ಕುಗ್ಗದು. ಮನೆಯಾಕೆಗೆ ಸಾಲದ ನಿಜವಾದ ಲೆಕ್ಕವನ್ನು ತಿಳಿಸುವುದೇ ಮೊದಲನೆಯ ಹೆಜ್ಜೆ.

ಯಜಮಾನರ ಕರ್ತವ್ಯ

ಒಬ್ಬನ ಸಾಲದ ಮಾತನ್ನು ಅರಳಿಕಟ್ಟೆಯಲ್ಲಿ ನಾಲ್ವರ ಮುಂದೆ ಎತ್ತಬಾರದು. ಸಾಲಕ್ಕಿಂತ ಮಾನಭಂಗವು ಮನುಷ್ಯನನ್ನು ಹೆಚ್ಚು ಕುಗ್ಗಿಸುವುದುಂಟು. ಅವನ ಮನೆಗೆ ಹೋಗಿ, ಬುದ್ಧಿವಾದಕ್ಕೆ ಮುಂಚೆ ಅವನ ಮಾತನ್ನು ಪೂರ್ತಿಯಾಗಿ ಕೇಳಬೇಕು. ಸಹಕಾರ ಸಂಘಕ್ಕೋ ಬ್ಯಾಂಕಿಗೋ ಹೋಗಬೇಕಾದರೆ ಜೊತೆಗೆ ಹೋಗಬೇಕು. ಕೀಟನಾಶಕಗಳನ್ನು ವಾಸದ ಮನೆಯಲ್ಲಿಡದೆ ಬೇರೆ ಕಡೆ ಬೀಗ ಹಾಕಿಡುವ ಪದ್ಧತಿಯನ್ನು ಊರಲ್ಲೆಲ್ಲಾ ರೂಢಿಗೆ ತರಬೇಕು. ಬದುಕಿನಲ್ಲಿ ಬೇಸರವಾಗಿದೆಯೆಂದು ಯಾರಾದರೂ ಆಡಿದರೆ ಹಾಸ್ಯಮಾಡದೆ, ಅವನನ್ನು ಒಬ್ಬನನ್ನೇ ಬಿಡದೆ, ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇದಕ್ಕೆ ನಗರಕ್ಕೇ ಹೋಗಬೇಕೆಂಬುದಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಂದಲೇ ಮಾನಸಿಕ ಚಿಕಿತ್ಸೆ ಕೊಡಿಸಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. 1996ರಲ್ಲಿ ದೇಶದಲ್ಲಿ ಪ್ರಾರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಿಂದ ಟೆಲಿ-ಮನಸ್ ಎಂಬ ದೂರವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸುವುದು ಉಚಿತ.

ಒಂದು ಬೆಳೆ ಹೋದರೆ ಮತ್ತೊಂದು ಹಂಗಾಮು ಬರುವುದು. ಅದಕ್ಕೆ ನೇಗಿಲು ಹಿಡಿಯುವ ಕೈ ಉಳಿದಿರಬೇಕು. ಸಂಜೆ ಎತ್ತಿನ ನೊಗವನ್ನಿಳಿಸುವವನು ತನ್ನದನ್ನೂ ಇಳಿಸುವುದನ್ನು ಕಲಿಯಲಿ.