ಕೇಸಿನ ಕಟ್ಟು ಮೇಜಿನ ಮೇಲಿರಲಿ

ಮಗು, ಬೇಸಿಗೆ ರಜೆಗೆ ಬೆಂಗಳೂರಿನಿಂದ ಊರಿಗೆ ಬಂದವಳು ನಮ್ಮ ಮನೆಗೂ ಬಂದು ಹೋದೆ. ಜಗಲಿಯ ಮೇಲೆ ಕೂತು ಅರ್ಧ ಲೋಟ ಕಾಫಿ ಕುಡಿಯುವಷ್ಟರಲ್ಲಿ ಮೂರು ಸಲ ಫೋನ್ ತೆಗೆದು ನೋಡಿದೆ. ಪ್ರಾಕ್ಟೀಸು ಹೇಗಿದೆ ಎಂದು ಕೇಳಿದ್ದಕ್ಕೆ "ಚೆನ್ನಾಗಿದೆ ಸರ್" ಎಂದೆ. ಹೊರಡುವಾಗ ಮಾತ್ರ ಗೇಟಿನ ಬಳಿ ನಿಂತು, "ಸರ್, ಹೋದ ತಿಂಗಳು ಒಂದು ದೊಡ್ಡ ಕೇಸು ಗೆದ್ದೆ. ಆರ್ಡರ್ ಓದುತ್ತಿರುವಾಗಲೇ ಮಾರನೆಯ ದಿನದ ಕೇಸಿನ ಯೋಚನೆ ಬಂತು. ಖುಷಿಯೇ ಆಗಲಿಲ್ಲ" ಎಂದೆ. ನಿನ್ನ ಬಸ್ಸಿಗೆ ಹೊತ್ತಾಗಿತ್ತು. ಅಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನಿನ್ನ ವಯಸ್ಸಿನ ಬೇರೆ ವಕೀಲರೂ ಓದಿಕೊಳ್ಳಲಿ.

ನಲವತ್ತು ವರ್ಷ ಈ ಮಲೆನಾಡಿನ ತಾಲ್ಲೂಕು ಕೋರ್ಟಿನಲ್ಲಿ ಕರಿ ಕೋಟು ಹಾಕಿದ್ದೇನೆ. ಎಲ್ಲ ಸರಿಯಾಗಿದೆ ಎಂದು ಹೇಳಿಹೋಗಲು ಯಾರೂ ನಮ್ಮ ಆಫೀಸಿಗೆ ಬರುವುದಿಲ್ಲ. ಗದ್ದೆ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು, ತವರಿಗೆ ಬಂದು ಕೂತ ಹೆಣ್ಣುಮಗಳು, ಚೆಕ್ಕು ಬೌನ್ಸಾಗಿ ನಿದ್ದೆಗೆಟ್ಟ ವ್ಯಾಪಾರಿ, ಇವರೆಲ್ಲ ತಮ್ಮ ಭಾರವನ್ನು ನಮ್ಮ ಮೇಜಿನ ಮೇಲೆ ಇಟ್ಟು ಹಗುರಾಗಿ ಎದ್ದು ಹೋಗುತ್ತಾರೆ. ಅದನ್ನು ಹೊರುವುದು ನಮ್ಮ ಕೆಲಸ. ಹೊರುವ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿಸಿದರು, ಇಳಿಸುವುದನ್ನು ಕಲಿಸಲಿಲ್ಲ. ನನಗೆ ಅದು ತಡವಾಗಿ, ಸಣ್ಣ ಸಣ್ಣ ಅಭ್ಯಾಸಗಳಿಂದ ಬಂತು.

ಮೊದಲ ಎರಡು ಅಭ್ಯಾಸಗಳನ್ನು ಕಲಿಸಿದ್ದು ಒಂದು ತಪ್ಪು. ಪ್ರಾಕ್ಟೀಸು ಶುರು ಮಾಡಿ ಐದು ವರ್ಷ ಆಗಿತ್ತು. ಒಬ್ಬ ಅಡಿಕೆ ಬೆಳೆಗಾರರ ಮೇಲೆ ಹಣದ ದಾವೆ ಹಾಕಿದ್ದರು, ನಾನು ಪ್ರತಿವಾದಿ ಪರ ವಕೀಲ. ಮುಂದಿನ ತಾರೀಕನ್ನು ಡೈರಿಯಲ್ಲಿ ಬರೆಯದೆ ಕೈಗೆ ಸಿಕ್ಕ ಮದುವೆ ಕಾಗದದ ಬೆನ್ನಿಗೆ ಗೀಚಿಕೊಂಡೆ. ಹದಿನೇಳು ಇಪ್ಪತ್ತೇಳಾಯಿತು. ನಾನು ಕಟ್ಟು ಹಿಡಿದು ಹೋದ ದಿನ ಬೆಂಚ್ ಕ್ಲರ್ಕ್ ಮುಖ ನೋಡಿ, "ಅದು ಎಕ್ಸ್‌ಪಾರ್ಟಿ ಡಿಕ್ರಿ ಆಯಿತಲ್ಲ ಸರ್" ಎಂದರು. ಕಾನೂನಿನಲ್ಲಿ ದಾರಿ ಇತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ 30 ದಿನದೊಳಗೆ ಅರ್ಜಿ ಹಾಕಬಹುದು. ಹಾಕಿದೆ, ಡಿಕ್ರಿ ರದ್ದಾಯಿತು, ಕೋರ್ಟು ವಿಧಿಸಿದ ಖರ್ಚನ್ನು ನನ್ನ ಜೇಬಿನಿಂದ ಕಟ್ಟಿದೆ. ಆದರೆ ಆ ವಿಷಯವನ್ನು ಪಾರ್ಟಿಗೆ ಹೇಳಲು ನಾನು ಹನ್ನೊಂದು ದಿನ ತೆಗೆದುಕೊಂಡೆ. ಆ ಹನ್ನೊಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳು ಹೋಂವರ್ಕ್ ತಂದು ತೋರಿಸಿದರೆ ರೇಗಿದೆ. ಕೊನೆಗೆ ಅವರ ತೋಟಕ್ಕೇ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ. "ಅವತ್ತೇ ಹೇಳಬಾರದಿತ್ತಾ ವಕೀಲರೇ" ಎಂದು ಕೇಳಿ ಮಜ್ಜಿಗೆ ತರಿಸಿದರು.

ಅಲ್ಲಿಂದ ಆ ಎರಡು ಅಭ್ಯಾಸ ಹುಟ್ಟಿದವು. ಅವನ್ನು ಇವತ್ತಿಗೂ ಬಿಟ್ಟಿಲ್ಲ.

ಸಂಜೆ ಆಫೀಸು ಮುಚ್ಚುವ ಮುನ್ನ ಹತ್ತು ನಿಮಿಷ ಡೈರಿಯ ಮುಂದೆ ಕೂರುತ್ತೇನೆ. ನಾಳೆಯ ಕೇಸುಗಳು ಯಾವ ಹಂತದಲ್ಲಿವೆ, ಯಾವುದರ ಅವಧಿ ಯಾವತ್ತು ಮುಗಿಯುತ್ತದೆ, ಮುಗಿಯದೆ ಉಳಿದ ಕೆಲಸದ ಮುಂದಿನ ಹೆಜ್ಜೆ ಏನು ಎಂಬುದನ್ನು ಕೈಬರಹದಲ್ಲಿ ಬರೆಯುತ್ತೇನೆ. ಈಗ ಇ-ಕೋರ್ಟ್ಸ್ ಆ್ಯಪಿನಲ್ಲಿ ತಾರೀಕು ಸಿಗುತ್ತದೆ, ಕಾಸ್ ಲಿಸ್ಟ್ ಫೋನಿಗೇ ಬರುತ್ತದೆ, ಬರೆಯುವುದೇಕೆ ಎಂದು ನೀನು ಕೇಳಬಹುದು. ಆ್ಯಪಿಗೆ ತಾರೀಕು ಗೊತ್ತು, ನಿನ್ನ ಭಯ ಗೊತ್ತಿಲ್ಲ. ಲಿಖಿತ ಹೇಳಿಕೆಗೆ 30 ದಿನ, ಕೋರ್ಟು ಕೊಟ್ಟರೆ 90. ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ಕೋರ್ಟಿಗೆ ಹೋಗಲು 30 ದಿನ, ಹೈಕೋರ್ಟಿಗೆ 90. ಈ ಅಂಕಿಗಳೇ ನಡುರಾತ್ರಿ ಎರಡು ಗಂಟೆಗೆ ನಮ್ಮನ್ನು ಎಬ್ಬಿಸಿ ಕೂರಿಸುವುದು. ಕಾಗದಕ್ಕೆ ಇಳಿಸಿದ ಮೇಲೆ ಅವುಗಳನ್ನು ಕಾಯುವ ಕೆಲಸ ಕಾಗದದ್ದು. ಬರೆದು ಮುಗಿಸಿ ಕಟ್ಟಿಗೆ ದಾರ ಸುತ್ತಿ ಮೇಜಿನ ಮೇಲೆ ಇಡು. ಮನೆಯೊಳಗೇ ಆಫೀಸು ಇದ್ದರೆ ಆ ಕೋಣೆಯ ಬಾಗಿಲು ಎಳೆದುಕೋ. ತೀರ್ಪು ಇನ್ನೊಬ್ಬರು ಬರೆಯುತ್ತಾರೆ, ಅದರ ಫಲ ಪಾರ್ಟಿಯದು, ಸಿದ್ಧತೆ ಮಾತ್ರ ನಿನ್ನದು. ನಿನ್ನ ಪಾಲಿನದನ್ನು ಮಾಡಿಟ್ಟಿದ್ದೀಯೆ ಎಂಬುದನ್ನು ಆ ಡೈರಿ ದಿನವೂ ನಿನಗೆ ತೋರಿಸುತ್ತದೆ.

ಎರಡನೆಯದು, ಕೆಟ್ಟ ಸುದ್ದಿಯನ್ನು ಅದೇ ದಿನ ಹೇಳುವುದು. ತಡೆಯಾಜ್ಞೆ ಸಿಗಲಿಲ್ಲ, ಸಾಕ್ಷಿ ಪಾಟೀ ಸವಾಲಿನಲ್ಲಿ ಎಡವಿದ, ಜಾಮೀನು ತಿರಸ್ಕಾರವಾಯಿತು, ಏನೇ ಇರಲಿ, ಸೂರ್ಯ ಮುಳುಗುವ ಮುನ್ನ ಪಾರ್ಟಿಗೆ ಗೊತ್ತಾಗಬೇಕು. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೂ ಪಾರ್ಟಿಗಳ ಫೋನ್ ಬರುತ್ತದೆ ಎಂದು ಹೇಳಿದೆಯಲ್ಲ, ಯೋಚಿಸಿ ನೋಡು. ಮೊದಲನೆಯ ಫೋನಿಗೆ ಉತ್ತರ ಸಿಗದವರೇ ಐದನೆಯ ಸಲ ಮಾಡುವವರು. ಕೋರ್ಟ್ ಹಾಲಿನಿಂದ ಹೊರಬಂದ ಕೂಡಲೇ ಅದೇ ವರಾಂಡದಲ್ಲಿ ನಿಂತು ಇವತ್ತು ಏನಾಯಿತು, ಮುಂದಿನ ತಾರೀಕು ಯಾವುದು, ಅಷ್ಟರೊಳಗೆ ಅವರು ತರಬೇಕಾದ ಪಹಣಿಯೋ ರಸೀದಿಯೋ ಯಾವುದು ಎಂದು ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳು. ಎರಡು ನಿಮಿಷ ಸಾಕು. ಸಂಜೆ ಏಳರಿಂದ ಎಂಟೂವರೆವರೆಗೆ ಫೋನಿಗೆ ಸಿಗುತ್ತೇನೆ ಎಂದು ಮೊದಲ ದಿನವೇ, ವಕಾಲತ್ತಿಗೆ ಸಹಿ ಹಾಕಿಸುವಾಗಲೇ ತಿಳಿಸು. ಆ ಹೊತ್ತಿನಲ್ಲಿ ತಪ್ಪದೆ ಸಿಗು. ಪೊಲೀಸರು ಕರೆದುಕೊಂಡು ಹೋದರು ಎಂಬಂಥ ಕರೆಗೆ ಹೊತ್ತುಗೊತ್ತಿಲ್ಲ, ಅದನ್ನು ಎತ್ತಲೇಬೇಕು. ಉಳಿದವು ನಾಳೆಗೆ ಕಾಯುತ್ತವೆ.

ಬೆಳಗಿನ ಅರ್ಧ ಗಂಟೆಯ ಬಗ್ಗೆಯೂ ಹೇಳಬೇಕು. ಫೋನ್ ಮುಟ್ಟುವ ಮೊದಲು ಓದು. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದಾಗ ನನಗೆ ಅರವತ್ತು ದಾಟಿತ್ತು. ನಾಲಿಗೆಯ ತುದಿಯಲ್ಲಿದ್ದ ಕಲಮುಗಳೆಲ್ಲ ಜಾಗ ಬದಲಿಸಿದವು. ಹಳೆಯ ಸಂಹಿತೆಯಲ್ಲಿ 438 ನಿರೀಕ್ಷಣಾ ಜಾಮೀನು, 482 ಹೈಕೋರ್ಟಿನ ಅಂತರ್ಗತ ಅಧಿಕಾರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನಿರೀಕ್ಷಣಾ ಜಾಮೀನೇ 482ಕ್ಕೆ ಬಂದು ಕೂತಿತು, ಅಂತರ್ಗತ ಅಧಿಕಾರ 528ಕ್ಕೆ ಹೋಯಿತು. ದಿನಕ್ಕೆ ಐದು ಕಲಮು ಎಂದು ರಟ್ಟಿನ ಚೀಟಿಯಲ್ಲಿ ಬರೆದುಕೊಂಡು ಕಲಿತೆ. ಕೇಸಿಗಾಗಿ ಗಡಿಬಿಡಿಯಲ್ಲಿ ಓದಿದರೆ ದಣಿವಾಗುತ್ತದೆ. ಯಾರಿಗೂ ಉತ್ತರ ಕೊಡಬೇಕಿಲ್ಲದ ಹೊತ್ತಿನಲ್ಲಿ ಕಾನೂನು ಓದಿದರೆ, ಈ ವೃತ್ತಿಯನ್ನು ಏಕೆ ಆರಿಸಿಕೊಂಡೆವೆಂಬುದು ಮತ್ತೆ ನೆನಪಾಗುತ್ತದೆ.

ಇವೆಲ್ಲ ನನ್ನೊಬ್ಬನ ಅನುಭವ ಎಂದು ತಳ್ಳಿಹಾಕಬೇಡ. ಅಮೆರಿಕದಲ್ಲಿ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಕ್ರೀಗರ್ ಮತ್ತು ಮನಶ್ಶಾಸ್ತ್ರಜ್ಞ ಕೆನನ್ ಶೆಲ್ಡನ್ ನಾಲ್ಕು ರಾಜ್ಯಗಳ ಆರು ಸಾವಿರಕ್ಕೂ ಹೆಚ್ಚು ವಕೀಲರನ್ನು ವಿಚಾರಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ವಕೀಲರ ನೆಮ್ಮದಿಗೂ ಅವರ ಆದಾಯಕ್ಕೂ ಇರುವ ನಂಟು ತೆಳು. ಕಾಲೇಜಿನ ರ‍್ಯಾಂಕಿನದ್ದು ಇನ್ನೂ ತೆಳು. ಕೆಲಸ ನನಗೆ ಬರುತ್ತದೆ ಎಂಬ ಭರವಸೆ, ನನ್ನ ಮನಸ್ಸಿಗೆ ಒಪ್ಪುವಂತೆ ನಡೆಯುತ್ತಿದ್ದೇನೆ ಎಂಬ ಭಾವ, ಸುತ್ತಲಿನ ಜನರ ಜೊತೆಗಿನ ಆತ್ಮೀಯತೆ, ಈ ಮೂರಕ್ಕೇ ಗಟ್ಟಿ ನಂಟು. ಸರ್ಕಾರಿ ಮತ್ತು ಸಾರ್ವಜನಿಕ ಸೇವೆಯ ವಕೀಲರು ಕಡಿಮೆ ಸಂಪಾದಿಸಿಯೂ ಹೆಚ್ಚು ಸಂತೋಷವಾಗಿದ್ದರು. ರಜೆ ತೆಗೆದುಕೊಳ್ಳುವವರು ತೆಗೆದುಕೊಳ್ಳದವರಿಗಿಂತ ಚೆನ್ನಾಗಿದ್ದರು. ದೇಶ ಬೇರೆ, ಕೋರ್ಟು ಬೇರೆ. ಆದರೂ ಅದನ್ನು ಓದಿದಾಗ ನಮ್ಮ ಬಾರ್ ರೂಮಿನ ಒಬ್ಬೊಬ್ಬರ ಮುಖವೂ ಕಣ್ಣೆದುರು ಬಂತು.

ಆ ಮೂರನೆಯದಕ್ಕೆ, ಜನರ ಆತ್ಮೀಯತೆಗೆ, ನಮ್ಮಲ್ಲಿ ಊಟದ ಬಿಡುವಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ನೀನು ನಿಂತುಕೊಂಡೇ ಎರಡು ಇಡ್ಲಿ ತಿಂದು ಟೈಪಿಂಗ್ ಅಂಗಡಿಗೆ ಓಡುತ್ತೀಯಂತೆ. ಹಾಗೆ ಮಾಡಬೇಡ. ಡಬ್ಬಿ ತಗೊಂಡು ವಕೀಲರ ಸಂಘದ ಕೋಣೆಗೆ ಹೋಗು, ಕೂತು ಊಟ ಮಾಡು. ಬೆಳಿಗ್ಗೆ ನಿನ್ನ ಎದುರು ವಾದಿಸಿದವರ ಪಕ್ಕದಲ್ಲೇ ಕೂರು. ನಮ್ಮ ಊರಿನಲ್ಲಿ ಮೂವತ್ತು ವರ್ಷ ನನ್ನ ಎದುರು ಕಡೆ ನಿಂತ ವಕೀಲರೊಬ್ಬರು ನನ್ನ ತಂದೆ ತೀರಿಕೊಂಡ ದಿನ ಎಲ್ಲರಿಗಿಂತ ಮೊದಲು ಬಂದರು. ಆ ವಾರದ ನನ್ನ ಕೇಸುಗಳಿಗೆಲ್ಲ ತಾವೇ ಎದ್ದು ನಿಂತು ಸಮಯ ಕೇಳಿದರು, ನಮ್ಮಿಬ್ಬರ ನಡುವಿನ ಕೇಸಿಗೂ. ಅಂಥ ಸ್ನೇಹ ಒಂದು ದಿನದಲ್ಲಿ ಬೆಳೆಯುವುದಿಲ್ಲ. ದಿನಾ ಒಂದು ಹೋಳು ಉಪ್ಪಿನಕಾಯಿ ಹಂಚಿಕೊಂಡದ್ದರಿಂದ ಬೆಳೆಯುತ್ತದೆ. ಗುಮಾಸ್ತರನ್ನು ಹೆಸರು ಹಿಡಿದು ಮಾತಾಡಿಸು, ಕೋರ್ಟಿನ ಅಟೆಂಡರ್‌ಗೂ ನಮಸ್ಕಾರ ಹೇಳು.

ಮೈಯ ಕಡೆಗೂ ಗಮನವಿರಲಿ. ನೀರು ಕುಡಿ. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳನ್ನು ಬಿಟ್ಟು ಉಳಿದ ಕಡೆ ಕರಿ ಕೋಟು ಕಡ್ಡಾಯವಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ, ಏಪ್ರಿಲ್ ಮಧ್ಯಾಹ್ನ ಅದರೊಳಗೆ ಬೇಯಬೇಡ. ಬೆಳಿಗ್ಗೆಯೋ ಸಂಜೆಯೋ ಅರ್ಧ ಗಂಟೆ ನಡೆ. ಹೈಕೋರ್ಟಿಗೆ ಹೋಗುವ ದಿನ ಕಬ್ಬನ್ ಪಾರ್ಕ್ ಪಕ್ಕದಲ್ಲೇ ಇದೆ, ನಾಲ್ಕು ಮರ ದಾಟಿ ಬಂದರೂ ಸಾಕು.

ರಾಜಿಯ ಬಗ್ಗೆ ಒಂದು ಮಾತು. ಇದನ್ನು ಅಭ್ಯಾಸಗಳ ಸಾಲಿನಲ್ಲೇ ಇಡುತ್ತೇನೆ, ಏಕೆಂದರೆ ಪ್ರತಿ ಹೊಸ ಕಟ್ಟು ಬಿಚ್ಚುವಾಗಲೂ "ಇದು ಕೂತು ಮುಗಿಸಬಹುದಾದದ್ದೇ?" ಎಂದು ಒಮ್ಮೆ ಕೇಳಿಕೊಳ್ಳುವುದು ನನಗೆ ರೂಢಿಯಾಗಿದೆ. ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಕಂಪನಿಯ ಕೇಸಿಗಾಗಿ. ಎದುರುಪಕ್ಷದವರು ಅಬ್ದುಲ್ಲಾರ ನೆಂಟರೇ. ಖರ್ಚಿನಲ್ಲಿ ಎರಡು ಕಡೆಯವರೂ ಮುಳುಗುವುದನ್ನು ಕಂಡು ಗಾಂಧೀಜಿ ಇಬ್ಬರನ್ನೂ ಪಂಚಾಯ್ತಿಗೆ ಒಪ್ಪಿಸಿದರು. ತಮ್ಮ ಕಡೆಯವರು ಗೆದ್ದ ಮೇಲೂ ಅಲ್ಲಿಗೆ ಬಿಡಲಿಲ್ಲ. ಸೋತವರು ಸುಮಾರು 37,000 ಪೌಂಡನ್ನು ಒಮ್ಮೆಗೇ ಕಟ್ಟಿ ದಿವಾಳಿಯಾಗದಂತೆ ಕಂತು ಮಾಡಿಸಿದರು. ಆಗ ತಮಗಾದ ಸಂತೋಷಕ್ಕೆ ಎಣೆಯಿರಲಿಲ್ಲ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರವಿದೆ, ತಾಲ್ಲೂಕುಗಳಲ್ಲಿ ಲೋಕ ಅದಾಲತ್ತು ನಡೆಯುತ್ತದೆ. ನಾನು ಗೆದ್ದ ಎಷ್ಟೋ ಕೇಸುಗಳ ನಂಬರೂ ನೆನಪಿಲ್ಲ. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಪಾಲಿನ ದಾವೆಯಲ್ಲಿ ರಾಜಿ ಅರ್ಜಿಗೆ ಸಹಿ ಹಾಕಿ ಒಂದೇ ಜೀಪಿನಲ್ಲಿ ಊರಿಗೆ ಹೋದ ಸಂಜೆ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಗೆದ್ದೂ ಖುಷಿಯಾಗಲಿಲ್ಲ ಎಂದೆಯಲ್ಲ, ಅಂಥದೊಂದು ಸಂಜೆ ನಿನಗೂ ಬರಲಿ.

ತಿಂಗಳಿಗೊಂದು ಮಧ್ಯಾಹ್ನವನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡು. 1987ರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗಬೇಕು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಒಬ್ಬ ವಿಧವೆಗೆ ವಾರಸಾ ಖಾತೆಯ ಅರ್ಜಿ ಬರೆದುಕೊಟ್ಟು ಕಳಿಸಿದ ದಿನ ಮನೆಗೆ ಹೋಗುವ ನಡಿಗೆಯೇ ಬೇರೆ.

ಕೋರ್ಟಿನ ಹೊರಗೆ ನಿನ್ನದೇ ಎಂಬ ಒಂದು ವಿಷಯ ಇಟ್ಟುಕೋ. ಕೋ. ಚೆನ್ನಬಸಪ್ಪನವರು ವಕೀಲರಾಗಿ, ನ್ಯಾಯಾಧೀಶರಾಗಿ ದುಡಿಯುತ್ತಲೇ ಕಾದಂಬರಿ ಬರೆದರು, ವಿಜಯಪುರದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ನೀನು ಅಷ್ಟೆಲ್ಲ ಮಾಡಬೇಕಿಲ್ಲ. ಹೈಸ್ಕೂಲಿನಲ್ಲಿ ಕಲಿತ ವೀಣೆಯ ಗವಸು ತೆಗೆದರೆ ಸಾಕು. ಮನೆಯೊಳಗೆ ಕಾಲಿಡುವ ಮೊದಲು ಗೇಟಿನ ಬಳಿ ಎರಡು ನಿಮಿಷ ಸುಮ್ಮನೆ ನಿಂತುಕೋ. ನಾನು ಎಷ್ಟೋ ವರ್ಷ ಹಾಗೆ ನಿಲ್ಲಲಿಲ್ಲ. ಪಾಟೀ ಸವಾಲು ಮಾಡಿದ ಬಾಯಲ್ಲೇ ಮನೆಯವರನ್ನು ಪ್ರಶ್ನೆ ಕೇಳಿದೆ, ಹೆಂಡತಿಯ ಕಣ್ಣಲ್ಲಿ ನೀರು ತರಿಸಿದೆ. ಅದು ನನಗೆ ಇವತ್ತಿಗೂ ನೋವು.

ಕುಡಿತದಲ್ಲಿ ದಣಿವು ಮರೆಯಲು ಹೋದ ಒಳ್ಳೆಯ ವಕೀಲರನ್ನು ಕಳೆದುಕೊಂಡಿದ್ದೇವೆ. ಆ ದಾರಿಗೆ ಯಾರಾದರೂ ಕರೆದರೆ ಹೋಗಬೇಡ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಎನಿಸಿದರೆ ಅದು ಅಭ್ಯಾಸಗಳಿಂದ ಸರಿಹೋಗುವ ವಿಷಯವಲ್ಲ, ವೈದ್ಯರು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನನಗೂ ಮಾಡು, ಯಾವ ಹೊತ್ತಾದರೂ ಸರಿ.

ಇಷ್ಟನ್ನೂ ನಾಳೆಯೇ ಹಿಡಿಯಬೇಕೆಂದಿಲ್ಲ. ಸಂಜೆಯ ಹತ್ತು ನಿಮಿಷದ ಡೈರಿಯಿಂದ ಶುರು ಮಾಡು, ಒಂದು ತಿಂಗಳು ಬಿಡದೆ ನಡೆಸು. ದಸರಾ ರಜೆಗೆ ಮತ್ತೆ ಬಾ, ಎರಡು ದಿನ ಉಳಿಯುವಂತೆ ಬಾ. ಬರುವಾಗ ಫೈಲು ತರಬೇಡ.