ಕುಂಕುಮವನ್ನು ಕೆರೆಗೆ ಬಿಟ್ಟ ಮೇಲೆ

ಅಕ್ವೇರಿಯಂ ಅಂಗಡಿಯವನು ಜೋಡಿಗೆ ಐನೂರು ಹೇಳಿದ. ಒಂದೇ ಸಾಕು ಅಂದೆ, ಮುನ್ನೂರಕ್ಕೆ ಕೊಟ್ಟ. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟಿ. ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ನಾಲ್ಕೂ ಕಾಲು ಬಡಿಯುತ್ತಿತ್ತು. "ಇಷ್ಟೇ ಇರುತ್ತೆ ಸಾರ್, ದೊಡ್ಡದಾಗಲ್ಲ" ಎಂದ. ಆಮೆ ಸಾಕಿದರೆ ಕೇಸಾಗುತ್ತದಂತಲ್ಲ ಎಂದು ಕೇಳಿದ್ದಕ್ಕೆ, "ಅದು ನಮ್ಮೂರ ಆಮೆಗೆ ಸಾರ್. ಇದು ಫಾರಿನ್ನು" ಎಂದು ನಕ್ಕ.

ಅದು 2011ರ ಬೇಸಿಗೆ ರಜೆ. ಮಗಳಿಗೆ ಆಗ ಆರು ವರ್ಷ. ಕೆಂಪು ಪಟ್ಟಿ ನೋಡಿ ಅವಳೇ ಕುಂಕುಮ ಎಂದು ಹೆಸರಿಟ್ಟಳು.

ಅಂಗಡಿಯವನ ಎರಡು ಮಾತುಗಳಲ್ಲಿ ಮೊದಲನೆಯದು ಶುದ್ಧ ಸುಳ್ಳು. ಎರಡು ವರ್ಷಕ್ಕೆ ಗಾಜಿನ ಬೋಗುಣಿ ಸಾಲದಾಯಿತು, ಟಬ್ ತಂದೆವು. ಐದನೇ ವರ್ಷಕ್ಕೆ ಕುಂಕುಮ ತಿಂಡಿ ತಟ್ಟೆಯಷ್ಟು ಅಗಲವಾಗಿತ್ತು. ದಿನ ಬಿಟ್ಟು ದಿನ ನೀರು ಬದಲಿಸದಿದ್ದರೆ ಇಡೀ ಬಾಲ್ಕನಿ ನಾರುತ್ತಿತ್ತು. ಟಬ್ಬನ್ನು ನಾನು ಅಡುಗೆಮನೆಯ ಸಿಂಕಿನಲ್ಲೇ ತೊಳೆಯುತ್ತಿದ್ದೆ, ಪಾತ್ರೆ ತೊಳೆಯುವ ಜಾಗದಲ್ಲೇ. ಇಂಥ ಪುಟ್ಟ ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತದೆಂದು ಅಮೆರಿಕ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಷೇಧಿಸಿತ್ತು. ನನಗದು ತಿಳಿದದ್ದು ಬಹಳ ತಡವಾಗಿ. ತನ್ನ ಮಕ್ಕಳಿಗೆ ಬೇಡವೆಂದದ್ದನ್ನು ಆ ದೇಶ ಹೊರಗೆ ಕಳಿಸುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

2017ರ ಒಂದು ಬೆಳಿಗ್ಗೆ ಟಬ್ಬಿನ ನೀರಿನಲ್ಲಿ ಬಿಳಿ ಮೊಟ್ಟೆಯೊಂದು ಬಿದ್ದಿತ್ತು. ನೆಲ ಸಿಗದೆ ನೀರಿನಲ್ಲೇ ಇಟ್ಟಿತ್ತು. ಹಿಂಗಾಲುಗಳಿಂದ ಪ್ಲಾಸ್ಟಿಕ್ಕನ್ನು ಕೆರೆದೂ ಕೆರೆದೂ ಟಬ್ಬಿನ ತಳದಲ್ಲಿ ಗೀರುಗಳಾಗಿದ್ದವು. ಅದನ್ನು ನೋಡಿ ಮನೆಯಲ್ಲಿ ಎಲ್ಲರಿಗೂ ಸಂಕಟವಾಯಿತು. "ಪಾಪ, ಮಣ್ಣು ಬೇಕು ಅದಕ್ಕೆ. ಕೆರೆಗೆ ಬಿಟ್ಟು ಬಾರೋ, ಕೂರ್ಮಾವತಾರ ಅದು, ಪುಣ್ಯ ಬರುತ್ತೆ" ಎಂದರು ಅಮ್ಮ. ಭಾನುವಾರ ಮಗಳೂ ನಾನೂ ಬಕೆಟ್ಟಿನಲ್ಲಿ ಒಯ್ದು ನಮ್ಮ ಬಡಾವಣೆಯ ಕೆರೆಯ ಸೋಪಾನದ ಬಳಿ ಬಿಟ್ಟೆವು. ಎರಡು ಕ್ಷಣ ಕತ್ತು ಚಾಚಿ ನಿಂತು ಸರ್ರನೆ ನೀರಿಗಿಳಿಯಿತು. ಮಗಳು ಅತ್ತಳು. ದೊಡ್ಡ ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ನಾನು ಖಾಲಿ ಬಕೆಟ್ ಹಿಡಿದು ಮನೆಗೆ ಬಂದೆ.

ಈಗ ಹಿಂದಿರುಗಿ ನೋಡಿದರೆ, ಆ ಆರು ವರ್ಷಗಳಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಆ ಒಳ್ಳೆಯ ಕೆಲಸವೇ.

ಅದನ್ನು ನನಗೆ ತೋರಿಸಿದವರು ಪ್ರತಿದಿನ ಕೆರೆಗೆ ಹಕ್ಕಿ ನೋಡಲು ಬರುವ ನಿವೃತ್ತ ಮೇಷ್ಟ್ರೊಬ್ಬರು. ಕೆರೆಯ ಮಧ್ಯೆ ಬಿದ್ದ ಹೊಂಗೆ ಮರದ ಕೊಂಬೆಯತ್ತ ಬೈನಾಕ್ಯುಲರ್ ತಿರುಗಿಸಿ ನನ್ನ ಕೈಗಿಟ್ಟರು. ಐದು ಆಮೆಗಳು ಕತ್ತೆತ್ತಿ ಬಿಸಿಲು ಕಾಯಿಸುತ್ತಿದ್ದವು. "ಎಣಿಸಿ, ಎಷ್ಟಕ್ಕೆ ಕೆಂಪು ಕಿವಿ ಇದೆ?" ನಾಲ್ಕಕ್ಕಿತ್ತು. ಐದನೆಯದು, ಮಣ್ಣಿನ ಬಣ್ಣದ ಮೆತ್ತನೆ ಚಿಪ್ಪಿನದು, ಕೊಂಬೆಯ ತುದಿಯಲ್ಲಿ ಅರ್ಧ ಮೈ ನೀರಿನಲ್ಲೇ ಇಟ್ಟುಕೊಂಡಿತ್ತು. "ಆ ತುದಿಯಲ್ಲಿರೋದೇ ನಮ್ಮದು, ಫ್ಲ್ಯಾಪ್‌ಶೆಲ್ಲು. ಮಿಕ್ಕ ನಾಲ್ಕೂ ಯಾರೋ ಸಾಕಿ ಸಾಕಾಗಿ ಬಿಟ್ಟವು" ಎಂದರು. ಬಿಟ್ಟವರಲ್ಲಿ ನಾನೂ ಒಬ್ಬ ಎಂದು ಹೇಳಲು ಆ ದಿನ ಬಾಯಿ ಬರಲಿಲ್ಲ.

ಬಿಸಿಲು ಕಾಯುವ ಜಾಗ ಆಮೆಗಳಿಗೆ ಜೀವನದ ಪ್ರಶ್ನೆ. ಅವುಗಳ ಮೈಗೆ ತನ್ನದೇ ಆದ ಬಿಸಿ ಇಲ್ಲ. ತಿಂದದ್ದು ಅರಗಲು, ಚಿಪ್ಪು ಒಣಗಲು, ಮೈಮೇಲಿನ ಪಾಚಿ ಮತ್ತು ಜಿಗಣೆ ಉದುರಲು ಸೂರ್ಯನೇ ಬೇಕು. ಕೆಂಪುಕಿವಿ ಆಮೆಗಳನ್ನೂ ಯುರೋಪಿನ ಸ್ಥಳೀಯ ಕೊಳದ ಆಮೆಗಳನ್ನೂ ಒಂದೇ ಕೊಳದಲ್ಲಿ ಬಿಟ್ಟು ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಪರೀಕ್ಷಿಸಿದ್ದರು. ಒಳ್ಳೆಯ ಬಿಸಿಲಿನ ಜಾಗಗಳೆಲ್ಲ ಹೊರಗಿನವಕ್ಕೆ ಹೋದವು. ಸ್ಥಳೀಯ ಆಮೆಗಳು ತೂಕ ಕಳೆದುಕೊಂಡವು, ಅವುಗಳಲ್ಲಿ ಸಾವೂ ಹೆಚ್ಚಾಯಿತು. 2003 ಮತ್ತು 2004ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಚ್ಚಾಟವಿಲ್ಲ, ರಕ್ತವಿಲ್ಲ. ಕೊಂಬೆಯ ತುದಿಗೆ ತಳ್ಳಿಸಿಕೊಂಡ ಪ್ರಾಣಿ ನಿಧಾನವಾಗಿ ಸೊರಗುತ್ತದೆ, ಅಷ್ಟೆ. ಆ ಹೊಂಗೆ ಕೊಂಬೆಯ ಮೇಲೆ ನಾನು ಕಂಡದ್ದೇನೆಂದು ಇದನ್ನು ಓದಿದಾಗ ನನಗೆ ಅರ್ಥವಾಯಿತು.

ಕೆಂಪುಕಿವಿ ಆಮೆಯ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. 1989ರಿಂದ 1997ರವರೆಗೆ ಅಲ್ಲಿನ ಫಾರ್ಮುಗಳಿಂದ ಹೊರದೇಶಗಳಿಗೆ ಹೋದ ಮರಿಗಳು 5 ಕೋಟಿಗೂ ಹೆಚ್ಚು. 1997ರಲ್ಲಿ ಯುರೋಪಿಯನ್ ಒಕ್ಕೂಟ ಆಮದು ನಿಲ್ಲಿಸಿತು. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್ ತಜ್ಞರು ಇದನ್ನು ಸೇರಿಸಿದ್ದಾರೆ. ಜಪಾನ್ 2023ರ ಜೂನ್‌ನಿಂದ ಇದರ ಮಾರಾಟವನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿತು. ಈಗಾಗಲೇ ಮನೆಯಲ್ಲಿ ಸಾಕಿಕೊಂಡವರಿಗೆ ಸಾಕಲು ಅವಕಾಶ ಕೊಟ್ಟಿತು. ಎಲ್ಲವನ್ನೂ ಒಪ್ಪಿಸಿ ಎಂದರೆ ಜನ ಹೆದರಿ ರಾತ್ರೋರಾತ್ರಿ ಹೊಳೆಗೆ ಸುರಿಯುತ್ತಾರೆಂಬ ತಿಳಿವಳಿಕೆ ಅದರ ಹಿಂದಿತ್ತು. ಮನುಷ್ಯ ಸ್ವಭಾವ ಅರಿತು ಮಾಡಿದ ಕಾನೂನು ಎಂದರೆ ಇದು.

ನಮ್ಮಲ್ಲಿ? ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ 2018ರಲ್ಲಿ ಇದು ಸಿಕ್ಕಿತು. ಮಿಜೋರಾಂನ ಹಳ್ಳವೊಂದರಲ್ಲೂ ಕಂಡಿತು. ಭಾರತದ ಸಿಹಿನೀರಿನ ಆಮೆ ಮತ್ತು ನೆಲದಾಮೆಗಳ 29 ಪ್ರಭೇದಗಳಲ್ಲಿ 21 ಈಶಾನ್ಯದಲ್ಲೇ ಇವೆ ಎಂಬುದನ್ನು ನೆನೆದರೆ ಅಲ್ಲಿನವರ ಆತಂಕ ಅರ್ಥವಾಗುತ್ತದೆ. 2021ರಲ್ಲಿ ತ್ರಿಶ್ಶೂರಿನ ಕಾಲುವೆಯಲ್ಲೂ ಸಿಕ್ಕ ಮೇಲೆ, ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಮನೆಯಲ್ಲಿರುವವನ್ನು ಕೆರೆಗೆ ಬಿಡಬೇಡಿ, ನಮಗೆ ತಂದುಕೊಡಿ ಎಂದು ಜನರಿಗೆ ಕರೆ ಕೊಟ್ಟಿತು. 2017ರಲ್ಲಿ ಇಂಥ ಒಂದು ಬಾಗಿಲು ನಮ್ಮೂರಲ್ಲಿ ನನಗೆ ಸಿಕ್ಕಿದ್ದರೆ ಎಂದು ಈಗಲೂ ಹಳಹಳಿಸುತ್ತೇನೆ. ಬಿಡುವ ಮೊದಲು ನಾನೊಂದು ಕಚೇರಿಗೆ ಫೋನ್ ಮಾಡಿದ್ದು ನಿಜ. ಆ ಕಡೆಯವರು, "ಆಮೆ ತಾನೇ, ಯಾವುದಾದರೂ ಕೆರೆಗೆ ಬಿಟ್ಟುಬಿಡಿ" ಎಂದಿದ್ದರು.

ಆಮೆಯ ಮಾತು ಬಿಡಿ, ಮನೆಯ ಗಾಜಿನ ಪೆಟ್ಟಿಗೆಯೊಳಗಿನ ಹಾವಿನಿಂದ ಕಾಡಿಗೇನು ಅಪಾಯ ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ಪೆಟ್ಟಿಗೆ ಮುಚ್ಚಿರುವ ತನಕ ಅವರ ಮಾತು ಸರಿ. ಮುಚ್ಚಿರುವುದಿಲ್ಲ ಎಂಬುದಕ್ಕೆ ಫ್ಲಾರಿಡಾ ಸಾಕ್ಷಿ. ಬರ್ಮೀಸ್ ಹೆಬ್ಬಾವು ಏಷ್ಯಾದ್ದು, ನಮ್ಮ ಈಶಾನ್ಯದಲ್ಲೂ ಇದೆ. ತವರಿನಲ್ಲಿ ಅಳಿವಿನಂಚಿಗೆ ಸರಿಯುತ್ತಿರುವ ಈ ಹಾವು ಸಾಕುವವರ ಶೋಕಿಯಿಂದ ಫ್ಲಾರಿಡಾಕ್ಕೆ ಹೋಯಿತು. ಬೆಳೆದು ಹತ್ತು ಹನ್ನೆರಡು ಅಡಿಯಾದದ್ದನ್ನು ಜನ ಎವರ್‌ಗ್ಲೇಡ್ಸ್ ಜೌಗಿಗೆ ಬಿಟ್ಟರು. 1992ರ ಆಂಡ್ರೂ ಚಂಡಮಾರುತಕ್ಕೆ ಅಲ್ಲಿನ ಹಾವು ಸಾಕಣೆಯ ಕಟ್ಟಡವೊಂದು ಕುಸಿದದ್ದನ್ನೂ ಕಾರಣವಾಗಿ ಹೇಳುವುದುಂಟು. 2012ರಲ್ಲಿ ಪ್ರಕಟವಾದ ಅಧ್ಯಯನ ರಾತ್ರಿ ರಸ್ತೆಯಲ್ಲಿ ಕಾಣುವ ಪ್ರಾಣಿಗಳ ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಹೋಲಿಸಿತು. ರಕೂನ್‌ಗಳು ಕಾಣುವುದು ಶೇಕಡಾ 99.3ರಷ್ಟು ಇಳಿದಿತ್ತು, ಒಪೋಸಮ್‌ಗಳು 98.9, ಬಾಬ್‌ಕ್ಯಾಟ್‌ಗಳು 87.5. ಮೊಲಗಳು ಕಣ್ಣಿಗೇ ಬೀಳಲಿಲ್ಲ.

ಹಾವು ನುಂಗಿದ್ದು ಮಾತ್ರವಲ್ಲ. ಏಷ್ಯಾದ ಹಾವುಗಳ ಶ್ವಾಸಕೋಶದಲ್ಲಿ ಬದುಕುವ ಒಂದು ಪರಾವಲಂಬಿ ಹುಳುವೂ ಈ ಹೆಬ್ಬಾವುಗಳ ಜತೆ ಸಾಗರ ದಾಟಿ, ಈಗ ಅಲ್ಲಿನ ಸ್ಥಳೀಯ ಹಾವುಗಳಿಗೆ ಅಂಟಿದೆ. ಹೆಬ್ಬಾವು ಕಾಲಿಡದ ಕಡೆಗೂ ಅದು ಹಬ್ಬಿದೆ. ಹಾಗೆ ನೋಡಿದರೆ ಕುಂಕುಮವನ್ನು ಬಿಟ್ಟ ದಿನ ಆ ಬಕೆಟ್ಟಿನ ನೀರಿನಲ್ಲಿ ಇನ್ನೇನೇನು ಕೆರೆಗಿಳಿಯಿತೋ.

2017ರ ಜನವರಿಯಲ್ಲಿ ಫ್ಲಾರಿಡಾದವರು ತಮಿಳುನಾಡಿನ ಇರುಳ ಸಮುದಾಯದ ಇಬ್ಬರು ಹಾವು ಹಿಡಿಯುವವರನ್ನು ಕರೆಸಿಕೊಂಡರು. ಎರಡು ವಾರ ತುಂಬುವ ಮೊದಲೇ ಅವರು 13 ಹೆಬ್ಬಾವು ಹಿಡಿದರು. ಹುಲ್ಲಿನ ಬಾಗು, ಮಣ್ಣಿನ ಮೇಲಿನ ಗೆರೆ ನೋಡಿಯೇ ಹಾವು ಹೋದ ದಾರಿ ಹೇಳುವ ಜನ ಅವರು. ಆ ವಿದ್ಯೆಗೆ ಕೈ ಮುಗಿಯಬೇಕು. ಆದರೆ ಆ ಜೌಗಿನಲ್ಲಿ ನೂರು ಹಾವಿದ್ದರೆ ಹುಡುಕುವವರ ಕಣ್ಣಿಗೆ ಒಂದೂ ಬೀಳುವುದಿಲ್ಲ ಎನ್ನುವಷ್ಟು ಮರೆಯಲ್ಲಿ ಅವು ಬದುಕುತ್ತವೆ. ನೆಲೆಯೂರಿದ್ದನ್ನು ಮತ್ತೆ ಪೂರ್ತಿ ಕೀಳಲಾಗದು. ಬಂಡೀಪುರದ ಕಾಡಿನ ತಳದಲ್ಲಿ ದಟ್ಟವಾಗಿ ಹಬ್ಬಿರುವ ಲಂಟಾನ ಕೂಡ ಬ್ರಿಟಿಷರು ತೋಟದ ಅಂದಕ್ಕೆಂದು ತಂದ ಹೂಗಿಡವೇ ತಾನೇ?

ಈಗ ಅಂಗಡಿಯವನ ಎರಡನೇ ಮಾತಿಗೆ, "ಇದು ಫಾರಿನ್ನು" ಎಂದದ್ದಕ್ಕೆ, ಬರುತ್ತೇನೆ. ನಮ್ಮ ಕೆರೆಯ ಫ್ಲ್ಯಾಪ್‌ಶೆಲ್ ಆಮೆ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಹಿಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಹೊರದೇಶದ ಪ್ರಾಣಿಯನ್ನು ಪರವಾನಗಿಯಿಲ್ಲದೆ ತಂದರೆ ಕಸ್ಟಮ್ಸ್ ಕಾನೂನಿನಡಿ ಅದು ಕಳ್ಳಸಾಗಣೆ. ಆದರೆ ಹೇಗೋ ಒಳಗೆ ಬಂದು ಅಂಗಡಿ ಸೇರಿತೋ, ವನ್ಯಜೀವಿ ಕಾಯ್ದೆಯ ಕೈ ಅದಕ್ಕೆ ಎಟುಕುತ್ತಿರಲಿಲ್ಲ. ಆ ಸಂದಿಯಲ್ಲೇ ಇಡೀ ವ್ಯಾಪಾರ ಬೆಳೆಯಿತು. 2022ರ ತಿದ್ದುಪಡಿ ಈ ಸಂದಿಯನ್ನು ಮುಚ್ಚಲು ಹೊರಟಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದಡಿ ಬರುವ ಜೀವಿಗಳನ್ನು ಸಾಕಿದವರು ನೋಂದಾಯಿಸಬೇಕು. 2024ರಲ್ಲಿ ಅದರ ನಿಯಮಗಳೂ ಬಂದವು. ಆಕ್ರಮಣಕಾರಿ ಹೊರಜೀವಿಗಳನ್ನು ನಿಯಂತ್ರಿಸುವ ಅಧಿಕಾರವೂ ಕೇಂದ್ರಕ್ಕೆ ಸಿಕ್ಕಿತು.

ಅಂಗಡಿಯ ಗಾಜಿನ ಮುಂದೆ ನಿಂತರೆ ಕಾಣದ ದಾರಿಯೊಂದಿದೆ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಸೂಟ್‌ಕೇಸ್ ತೆರೆಸಿದರು. ಒಳಗೆ 234 ಪ್ರಾಣಿಗಳು: ಹೆಬ್ಬಾವು, ಗೋಸುಂಬೆ, ಇಗ್ವಾನಾ, ಆಮೆ, ಮೊಸಳೆಮರಿ. ಜತೆಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಸಿರುಕಟ್ಟಿ ಸತ್ತ ಒಂದು ಕಾಂಗರೂ ಮರಿ. ಮರುತಿಂಗಳು ಅದೇ ನಿಲ್ದಾಣದಲ್ಲಿ ಇನ್ನೊಂದು ಪೆಟ್ಟಿಗೆ: 55 ಬಾಲ್ ಹೆಬ್ಬಾವು, 17 ಕಾಳಿಂಗ ಸರ್ಪ, ಸತ್ತ 6 ಕೋತಿಗಳು. ಕಾಳಿಂಗ ಓಡಾಡುವ ಆಗುಂಬೆಯಿರುವ ನಾಡಿಗೆ ಯಾರೋ ಹೊರಗಿನಿಂದ ಕಾಳಿಂಗಗಳನ್ನು ತುರುಕಿಕೊಂಡು ತಂದಿದ್ದರು. ಈ ಸುದ್ದಿ ಓದಿದ ದಿನ ಮುನ್ನೂರು ರೂಪಾಯಿಯ ಆ ಪ್ಲಾಸ್ಟಿಕ್ ಚೀಲ ನೆನಪಾಯಿತು. ಕುಂಕುಮ ಯಾವ ಪೆಟ್ಟಿಗೆಯಲ್ಲಿ ಬಂತು, ಅದರ ಜತೆ ಹೊರಟ ಎಷ್ಟು ಮರಿ ದಾರಿಯಲ್ಲಿ ಸತ್ತವು ಎಂದು ನಾನು ಅಂದು ಕೇಳಿರಲೇ ಇಲ್ಲ.

ಕೊನೆಗೊಂದು ದಿನ ಮೇಷ್ಟ್ರಿಗೆ ನಿಜ ಹೇಳಿದೆ. ಅವರು ಬಯ್ಯಲಿಲ್ಲ. "ಬನ್ನಿ, ಹಿಡಿಯೋಣ" ಎಂದರು. ಕೆರೆ ನೋಡಿಕೊಳ್ಳುವವರ ಒಪ್ಪಿಗೆ ಪಡೆದು, ಕೊಂಬೆಯ ಬಳಿ ತೇಲುವ ಹಲಗೆಯೊಂದಕ್ಕೆ ಬಲೆ ಕಟ್ಟಿ ಏಳು ಭಾನುವಾರ ಕಾದೆವು. ಸಿಕ್ಕಿದ್ದು ಎರಡು. ಎರಡೂ ಮುಂಗಾಲಿನ ಉಗುರು ಉದ್ದವಿದ್ದ ಗಂಡು. ಕುಂಕುಮ ಸಿಗಲಿಲ್ಲ.

ಆ ಎರಡೂ ಈಗ ನಮ್ಮ ತಾರಸಿಯ ಸಿಮೆಂಟು ತೊಟ್ಟಿಯಲ್ಲಿವೆ. ಮೇಲೆ ಜಾಲರಿ ಇದೆ, ಬಿಸಿಲು ಕಾಯಲು ಕಲ್ಲಿದೆ. ತೊಳೆಯುವ ಬಕೆಟ್ ಬೇರೆ, ಆ ನೀರು ಸೇರುವುದು ಇಂಗುಗುಂಡಿಗೆ. ಕಳೆದ ತಿಂಗಳು ಮೂರನೇ ಮಹಡಿಯ ಆಂಟಿ, ಮಗ ಕೆನಡಾಕ್ಕೆ ಹೊರಟ, ಅವನ ಆಮೆಯನ್ನು ಕೆರೆಗೆ ಬಿಡಬಹುದಾ ಎಂದು ಕೇಳಿಕೊಂಡು ಬಂದರು. ಕೈಯಲ್ಲಿ ನೀಲಿ ಬಕೆಟ್ ಇತ್ತು. ಒಳಗೆ ಬನ್ನಿ ಎಂದು ಕೂರಿಸಿ, ಕಾಫಿ ಕೊಟ್ಟು, ಎಲ್ಲ ಹೇಳಿದೆ. ಹೋಗುವಾಗ ಬಕೆಟ್ ನಮ್ಮಲ್ಲೇ ಉಳಿಯಿತು.

ಈಗ ಮೂರು. ಒಂದೊಂದೂ ಮೂವತ್ತು ವರ್ಷದ ತನಕ ಬದುಕಬಲ್ಲದು. ನನಗೀಗ ಐವತ್ತನಾಲ್ಕು. ಮೊನ್ನೆ ಹಾಸ್ಟೆಲಿನಿಂದ ಬಂದ ಮಗಳು ತೊಟ್ಟಿಯ ಕಟ್ಟೆ ಮೇಲೆ ಕೂತು ಬೆರಳು ಮಡಿಸಿ ಲೆಕ್ಕ ಹಾಕಿದಳು. "ಅಪ್ಪಾ, ನಿಮ್ಮ ಕೈಲಾಗದೆ ಹೋದಾಗ ನನಗೆ ಹೇಳಿ. ಬಕೆಟ್ ತಗೊಂಡು ಕೆರೆ ಕಡೆ ಮಾತ್ರ ಹೋಗಬೇಡಿ" ಎಂದಳು. ಆಮೇಲೆ ಎದ್ದು, ಜಾಲರಿಯ ಚಿಲಕ ಬಿದ್ದಿದೆಯೇ ಎಂದು ನೋಡಿ ಕೆಳಗಿಳಿದಳು.