ಬರಿದಾದ ಕೊಟ್ಟಿಗೆಯ ಮುಂದೆ ಭರವಸ

ಓದತಕ್ಕ ಭಾಗ: ಹಬಕ್ಕೂಕ 1ರಿಂದ 3ನೆಯ ಅಧ್ಯಾಯಗಳು

ನಮ್ಮ ಸಭೆಗಳಲ್ಲಿ ಒಬ್ಬನಿಗೆ ಕಷ್ಟ ಬಂದಾಗ ಎರಡು ಮಾತುಗಳು ಕೇಳಿಬರುವದುಂಟು. ಇವನು ಯಾವದೋ ಪಾಪ ಮಾಡಿರಬೇಕು ಎಂಬದು ಒಂದು. ವಿಶ್ವಾಸಿಯಾದವನು ಅಳಬಾರದು, ದೇವರನ್ನು ಪ್ರಶ್ನಿಸಬಾರದು ಎಂಬದು ಇನ್ನೊಂದು. ಮಳೆ ತಪ್ಪಿ ಬೆಳೆ ಒಣಗಿದವನೂ, ಕೂಸನ್ನು ಮಣ್ಣಿಗಿಟ್ಟ ತಾಯಿಯೂ ಈ ಮಾತುಗಳಿಂದ ದುಃಖದ ಮೇಲೆ ದುಃಖವನ್ನು ಹೊರುತ್ತಾರೆ. ಇವು ಸತ್ಯವೇದಕ್ಕೆ ಒಪ್ಪುವ ಮಾತುಗಳೋ ಎಂಬದನ್ನು ಪ್ರವಾದಿಯಾದ ಹಬಕ್ಕೂಕನ ಸಣ್ಣ ಪುಸ್ತಕದಿಂದ ವಿಚಾರಿಸೋಣ.

1. ಪ್ರವಾದಿಯು ಮೊರೆಯಿಟ್ಟನು

ನೀತಿವಂತನಾದ ಯೋಷೀಯ ಅರಸನು ಕ್ರಿ. ಪೂ. 609ರಲ್ಲಿ ಐಗುಪ್ತದ ಅರಸನಿಂದ ಹತನಾದನು. ತರುವಾಯ ಪಟ್ಟಕ್ಕೆ ಬಂದ ಯೆಹೋಯಾಕೀಮನು ಕೂಲಿ ಕೊಡದೆ ಜನರನ್ನು ದುಡಿಸಿ ತನ್ನ ಅರಮನೆಯನ್ನು ಕಟ್ಟಿಸಿಕೊಂಡನು. ಹಬಕ್ಕೂಕನು ಈ ಕಾಲದವನೆಂದು ಬಹುಮಂದಿ ಪಂಡಿತರ ಅಭಿಪ್ರಾಯ. ದೇಶದಲ್ಲಿ ನ್ಯಾಯವು ಸತ್ತಂತಿರಲು ಪ್ರವಾದಿಯು, ಇದು ಎಷ್ಟರ ವರೆಗೆ ಎಂದು ದೇವರನ್ನೇ ಕೇಳಿದನು (1:2-4).

ಇದಕ್ಕಾಗಿ ದೇವರು ಅವನನ್ನು ಗದರಿಸಲಿಲ್ಲ. ಗೊಣಗುವದು ಬೇರೆ, ಮೊರೆಯಿಡುವದು ಬೇರೆ. ಗೊಣಗುವವನು ದೇವರಿಗೆ ಬೆನ್ನು ತಿರುಗಿಸಿ ಮಾತಾಡುತ್ತಾನೆ. ಮೊರೆಯಿಡುವವನು ಆತನ ಎದುರಿಗೆ ನಿಂತು ಮಾತಾಡುತ್ತಾನೆ. ನಮ್ಮ ಕರ್ತನಾದ ಯೇಸು ಸಹ ಗೆತ್ಸೇಮನೆಯಲ್ಲಿ ಮೂರು ಸಾರಿ ಬೇಡಿಕೊಂಡನಲ್ಲವೇ? (ಮತ್ತಾಯ 26:39-44.) ಆದಕಾರಣ ಕಣ್ಣೀರಿನೊಡನೆ ಕೇಳುವ ಪ್ರಶ್ನೆಯು ಅವಿಶ್ವಾಸವಲ್ಲ. ಕೇಳುವವನೊಬ್ಬನಿದ್ದಾನೆಂದು ನಂಬುವದರಿಂದಲೇ ನಾವು ಮೊರೆಯಿಡುತ್ತೇವೆ.

2. ಬಂದ ಉತ್ತರವು ಸುಲಭವಾಗಿರಲಿಲ್ಲ

ದೇವರು ಉತ್ತರ ಕೊಟ್ಟನು. ಆದರೆ ಆ ಉತ್ತರದಿಂದ ಪ್ರವಾದಿಯ ಸಂಕಟವು ಹೆಚ್ಚಾಯಿತು. ಯೆಹೂದದ ಅನ್ಯಾಯವನ್ನು ದಂಡಿಸಲು ಅದಕ್ಕಿಂತಲೂ ಕ್ರೂರರಾದ ಕಸ್ದೀಯರು ಬರುವರೆಂದು ಆತನು ತಿಳಿಸಿದನು. ಇದು ಹೇಗೆ ನ್ಯಾಯ ಎಂದು ಹಬಕ್ಕೂಕನು ಎರಡನೆಯ ಸಾರಿ ಕೇಳಿದನು (1:13). ಕೇಳಿದ ಮೇಲೆ ಅವನು ಹೊರಟುಹೋಗಲಿಲ್ಲ. ಹೊಲ ಕಾಯುವವನು ಅಟ್ಟಣೆಯ ಮೇಲೆ ರಾತ್ರಿಯೆಲ್ಲಾ ಎಚ್ಚರವಾಗಿರುವಂತೆ, ಕಾವಲಿನ ಸ್ಥಳದಲ್ಲಿ ನಿಂತು ಉತ್ತರಕ್ಕೆ ಕಾದನು (2:1).

ಆಗ ದೊರೆತ ಮಾತು ಇದು: ಹಿಂಸಕನಿಗೂ ನ್ಯಾಯತೀರ್ಪಿನ ದಿನವುಂಟು, ಅದು ತಡವಾದರೂ ಕಾದಿರು, ನೀತಿವಂತನು ನಂಬಿಗಸ್ತಿಕೆಯಿಂದ ಬದುಕುವನು (2:3-4). ಇಲ್ಲಿರುವ ಇಬ್ರಿಯ ಶಬ್ದವು ಎಮೂನಾ. ನಾವು ಪ್ರಾರ್ಥನೆಯ ಕೊನೆಗೆ ಹೇಳುವ ಆಮೆನ್ ಎಂಬದು ಅದೇ ಮೂಲದಿಂದ ಬಂದದ್ದು. ಕದಲದೆ ನಿಲ್ಲುವದು ಎಂಬದೇ ಅದರ ಭಾವ. ಯೆರೂಸಲೇಮು ಕ್ರಿ. ಪೂ. 586ರಲ್ಲಿ ಹಾಳಾಯಿತು. ಬಾಬೆಲು ಕ್ರಿ. ಪೂ. 539ರಲ್ಲಿ ಪಾರಸಿಯ ಕೋರೆಷನ ವಶವಾಯಿತು. ದೇವರ ಮಾತು ನೆರವೇರಿತು. ಆದರೆ ನಡುವೆ 47 ವರುಷ ಕಳೆದವು. ಕಾದವರಲ್ಲಿ ಅನೇಕರು ಆ ದಿನವನ್ನು ನೋಡದೆ ಕಣ್ಣು ಮುಚ್ಚಿದರು. ಇದನ್ನು ನಾವು ಮರೆಮಾಡಬಾರದು.

3. ಆರು ನಷ್ಟಗಳು

ಕೊನೆಯ ಅಧ್ಯಾಯದಲ್ಲಿ ಪ್ರವಾದಿಯು ಬರಬಹುದಾದ ನಷ್ಟಗಳನ್ನು ಒಂದೊಂದಾಗಿ ಎಣಿಸುತ್ತಾನೆ (3:17). ಅಂಜೂರ, ದ್ರಾಕ್ಷೆ, ಎಣ್ಣೆಮರ, ಹೊಲದ ಬೆಳೆ, ಹಟ್ಟಿಯ ಕುರಿ, ಕೊಟ್ಟಿಗೆಯ ದನ, ಇವು ಆರು. ಹಣ್ಣಿಲ್ಲದಿದ್ದರೆ ಮನುಷ್ಯನು ಹೇಗೋ ತಾಳಿಕೊಳ್ಳುವನು. ಎಣ್ಣೆಯಿಲ್ಲದಿದ್ದರೆ ದೀಪವೂ ಉರಿಯದು. ಹೊಲ ಬೆಳೆಯದಿದ್ದರೆ ಊಟವಿಲ್ಲ. ಎತ್ತುಗಳೂ ಹೋದರೆ ಮುಂದಿನ ವರುಷದ ಉಳುಮೆಯೂ ಇಲ್ಲ.

ಈ ಲೆಕ್ಕದ ಅರ್ಥವನ್ನು ನಮ್ಮ ನಾಡಿನವರು ಬಲ್ಲರು. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲಿಯೂ ಬಳ್ಳಾರಿ, ಧಾರವಾಡಗಳ ಕಡೆಯಲ್ಲಿಯೂ ಕೊಟ್ಟಿಗೆಗಳು ಬರಿದಾದವು. ಲಕ್ಷಾಂತರ ಜನರು ಸತ್ತರು.

ಹಬಕ್ಕೂಕನು ನಷ್ಟವನ್ನು ನಷ್ಟವೆಂದೇ ಹೇಳಿದನು. ತನ್ನ ತುಟಿಗಳು ಅದುರಿದವೆಂದೂ ಕಾಲುಗಳು ನಡುಗಿದವೆಂದೂ ಒಪ್ಪಿಕೊಂಡನು (3:16). ಹಾಗಿದ್ದರೂ ತನ್ನ ರಕ್ಷಕನಾದ ದೇವರಲ್ಲಿ ಆನಂದಿಸುವೆನೆಂದನು (3:18). ಅವನು ಇದನ್ನು ಹೇಳಿದಾಗ ಒಂದು ಕಾಳೂ ಹಿಂದಕ್ಕೆ ಬಂದಿರಲಿಲ್ಲ. ದೇವರು ಕೊಟ್ಟ ವಸ್ತುಗಳನ್ನು ಮಾತ್ರ ನಂಬಿದವನ ಭರವಸವು ಅವುಗಳೊಡನೆ ಹೋಗುತ್ತದೆ. ಕೊಟ್ಟಾತನನ್ನೇ ನಂಬಿದವನಿಗೆ ಕೊಟ್ಟಿಗೆ ಬರಿದಾದರೂ ಆತನು ಉಳಿದಿರುತ್ತಾನೆ.

4. ನಾವು ಮಾಡತಕ್ಕದ್ದು

ಮೊದಲನೆಯದಾಗಿ, ಕಷ್ಟದಲ್ಲಿರುವವನ ಪಾಪವನ್ನು ಹುಡುಕಬೇಡಿರಿ. ಪಾಪದಿಂದ ಕಷ್ಟ ಬರುವದುಂಟು. ಯೆಹೂದಕ್ಕೆ ಹಾಗೆಯೇ ಆಯಿತು. ಆದರೆ ಅಲ್ಲಿ ನೀತಿವಂತರೂ ಕೂಡ ಬಾಧೆಪಟ್ಟರು. ಸಿಲೋವದ ಗೋಪುರವು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಕರ್ತನು ಸ್ಪಷ್ಟವಾಗಿ ಹೇಳಿದನು (ಲೂಕ 13:4-5).

ಎರಡನೆಯದಾಗಿ, ಬಳಿಯಲ್ಲಿ ಕುಳಿತುಕೊಳ್ಳಿರಿ. ಯೋಬನ ಸ್ನೇಹಿತರು ಏಳು ದಿನ ಅವನ ಸಂಗಡ ಮೌನವಾಗಿ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೇ ಕೆಲಸ ಅದೇ. ಬಾಯಿ ತೆರೆದ ಮೇಲೆ ಕೆಡಿಸಿದರು. ವಿವರಣೆಗಿಂತ ಮೊದಲು ಒಂದು ಸೇರು ಅಕ್ಕಿಯನ್ನು ಒಯ್ಯುವದು ಲೇಸು. ರೋಗಿಯನ್ನು ವೈದ್ಯನ ಬಳಿಗೆ ಕರೆದುಕೊಂಡುಹೋಗುವದೂ ಭರವಸಕ್ಕೆ ವಿರೋಧವಲ್ಲ.

ಮೂರನೆಯದಾಗಿ, ದಣಿದವನ ಕೈಗಳನ್ನು ಎತ್ತಿಹಿಡಿಯಿರಿ. ಅಮಾಲೇಕ್ಯರೊಡನೆ ಯುದ್ಧವಾದಾಗ ಮೋಶೆಯ ಕೈಗಳು ಸೋತುಹೋಗಲು, ಆರೋನನೂ ಹೂರನೂ ಎರಡು ಕಡೆಯಲ್ಲಿ ಆತುಕೊಂಡರು. ಆದದರಿಂದ ಅವು ಸಾಯಂಕಾಲದ ತನಕ ಕದಲದೆ ನಿಂತವು (ವಿಮೋಚನಕಾಂಡ 17:12). ಅಲ್ಲಿಯೂ ಇಬ್ರಿಯದಲ್ಲಿ ಅದೇ ಎಮೂನಾ ಶಬ್ದವಿದೆ. ಮೋಶೆಯಂಥವನ ಕೈಗಳೇ ಇನ್ನೊಬ್ಬರ ಆಧಾರದಿಂದ ನಿಂತಿರಲಾಗಿ, ನಮ್ಮಲ್ಲಿ ಪ್ರಾರ್ಥಿಸಲಾರದಷ್ಟು ನೊಂದವನಿಗಾಗಿ ಸಭೆಯು ಪ್ರಾರ್ಥಿಸಬೇಕಲ್ಲವೇ?

ಆಲೋಚಿಸತಕ್ಕ ಪ್ರಶ್ನೆಗಳು

1. ನಾನು ದೇವರ ಎದುರಿಗೆ ಮೊರೆಯಿಡುತ್ತೇನೋ, ಆತನಿಗೆ ಬೆನ್ನು ತಿರುಗಿಸಿ ಗೊಣಗುತ್ತೇನೋ?
2. ನನ್ನ ಆರು ನಷ್ಟಗಳು ಯಾವವು? ಅವುಗಳನ್ನು ಹೆಸರು ಹೇಳಿ ಆತನ ಮುಂದೆ ಇಟ್ಟಿದ್ದೇನೋ?
3. ನಮ್ಮ ಊರಿನಲ್ಲಿ ಈ ವಾರ ಯಾರ ಕೈಗಳು ಸೋತುಹೋಗಿವೆ? ಅವರ ಮನೆಗೆ ಹೋಗುವವರು ಯಾರು?